ಸಹಿ ಹಾಕಿದ ಮೇಲ್ ಕಂಡರೆ ಗಾಬರಿ ಏಕೆ?

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮದು ಕಾಫಿ ಖರೀದಿ. ತೂಕ, ಔಟ್‌ಟರ್ನ್ (ಕಾಯಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ), ಪಾವತಿ ವಿವರವನ್ನು ಔಟ್‌ಲುಕ್‌ನಿಂದ ಡಿಜಿಟಲ್ ಸಹಿ ಹಾಕಿ ಬೆಳೆಗಾರರಿಗೆ ಕಳಿಸುತ್ತೇವೆ. ‘ಏನೋ ಫೈಲ್ ಬಂದಿದೆ, ತೆರೆಯುತ್ತಿಲ್ಲ, ವೈರಸ್ಸಾ?’ ಎಂದು ಫೋನ್ ಬರುತ್ತದೆ. ಕೆಲವರಿಗೆ ಸಹಿಯೇ ಸರಿಯಿಲ್ಲ ಎಂದು ತೋರಿಸುತ್ತದಂತೆ. ಸಹಿ ಬಿಟ್ಟುಬಿಡೋಣವೇ?

ಉತ್ತರ: ಬಿಡಬೇಡಿ. ನಿಮ್ಮ ಹೆಸರು ಹಾಕಿಕೊಂಡು ಯಾರು ಬೇಕಾದರೂ ಮೇಲ್ ಕಳಿಸಬಹುದು. ನಿಮ್ಮ ಸಹಿ ಹಾಕಲು ಅವರಿಂದಾಗದು.

ಅವರು ಕಾಣುತ್ತಿರುವ ಫೈಲ್ ‘ಎಸ್‌ಮೈಮ್.ಪಿ7ಎಸ್’. ಅದರಲ್ಲಿರುವುದು ಸಹಿ ಮತ್ತು ನಿಮ್ಮ ಸರ್ಟಿಫಿಕೇಟ್, ಅಂದರೆ ಸಹಿ ನಿಮ್ಮದೇ ಎನ್ನಲು ಒಂದು ಸಂಸ್ಥೆ ಕೊಟ್ಟ ಡಿಜಿಟಲ್ ಪ್ರಮಾಣಪತ್ರ. ಸಹಿ ಅರ್ಥವಾಗುವ ಆ್ಯಪ್ ಅದನ್ನು ಮರೆಮಾಡಿ ಚಿಕ್ಕ ಗುರುತು ತೋರಿಸುತ್ತದೆ, ಅರ್ಥವಾಗದ್ದು ಅಟ್ಯಾಚ್‌ಮೆಂಟ್ ಎಂದು ತೋರಿಸುತ್ತದೆ. ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ: ‘ಈ ಪತ್ರಕ್ಕೆ ಡಿಜಿಟಲ್ ಸಹಿ ಇದೆ. ಜೊತೆಗಿರುವ ಪಿ7ಎಸ್ ಫೈಲ್ ಸಹಿಯದ್ದು, ತೆರೆಯಬೇಕಿಲ್ಲ.’ ಅರ್ಧ ಫೋನ್‌ಗಳು ಇಷ್ಟಕ್ಕೇ ನಿಲ್ಲುತ್ತವೆ.

ಪತ್ರವೇ ಕಾಣದೆ ‘ಎಸ್‌ಮೈಮ್.ಪಿ7ಎಂ’ ಮಾತ್ರ ಬಂದಿದ್ದರೆ ತಪ್ಪು ನಿಮ್ಮ ಕಡೆಯದು. ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಫೈಲ್, ಆಪ್ಶನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಇಮೇಲ್ ಸೆಕ್ಯುರಿಟಿಗೆ ಹೋಗಿ ‘ಸೆಂಡ್ ಕ್ಲಿಯರ್ ಟೆಕ್ಸ್ಟ್ ಸೈನ್ಡ್ ಮೆಸೇಜ್’ಗೆ ಟಿಕ್ ಹಾಕಿ. ಆಗ ಸಹಿ ಓದಲಾಗದ ಆ್ಯಪ್‌ನಲ್ಲೂ ಪತ್ರ ಓದಬಹುದು.

‘ಸರಿಯಿಲ್ಲ’ ಎಂಬುದರಲ್ಲಿ ಎರಡು ಬಗೆ. ಯಾವುದೆಂದು ಸ್ಕ್ರೀನ್‌ಶಾಟ್ ತರಿಸಿ ನೋಡಿ. ‘ಪತ್ರ ಬದಲಾಗಿದೆ’ ಎಂದಿದ್ದರೆ, ಸಹಿ ಬಿದ್ದ ಮೇಲೆ ಆ್ಯಂಟಿವೈರಸ್ಸೋ ಮೇಲ್ ಸರ್ವರೋ ಕೆಳಗೆ ‘ಈ ಮೇಲ್ ತಪಾಸಣೆಯಾಗಿದೆ’ ಎಂಬಂಥ ಸಾಲು ಸೇರಿಸಿರುವ ಸಾಧ್ಯತೆಯೇ ಹೆಚ್ಚು. ಒಂದು ಅಲ್ಪವಿರಾಮ ಸೇರಿದರೂ ಸಹಿ ಕೆಡುತ್ತದೆ. ಹೀಗೆ ಸಾಲು ಸೇರಿಸುವ ಸೆಟ್ಟಿಂಗ್ ಅನ್ನು ಆಫ್ ಮಾಡಿಸಿ. ಆ ಸಾಲು ಬೇಕೇ ಬೇಕಾದರೆ ಕಳಿಸುವ ಮೊದಲೇ ಪತ್ರದಲ್ಲಿ ಬರೆಯಿರಿ. ‘ಸಹಿದಾರರ ಮೇಲೆ ನಂಬಿಕೆಯಿಲ್ಲ’ ಎಂದಿದ್ದರೆ, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಆ ಆ್ಯಪ್‌ನ ಪಟ್ಟಿಯಲ್ಲಿಲ್ಲ. ಉದಾಹರಣೆಗೆ, ಭಾರತದ ಸಿಸಿಎ (ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡುವ ಸರ್ಕಾರಿ ಕಚೇರಿ) ರೂಟ್, ಅಂದರೆ ಮೂಲ ಸರ್ಟಿಫಿಕೇಟ್, ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್‌ನ ಪಟ್ಟಿಯಲ್ಲಿಲ್ಲ. ಬೆಳೆಗಾರರಿಂದ ರೂಟ್ ಇನ್‌ಸ್ಟಾಲ್ ಮಾಡಿಸಲು ಹೋಗಬೇಡಿ, ಅದು ಕೆಟ್ಟ ಅಭ್ಯಾಸ ಕಲಿಸಿದಂತೆ. ಎಲ್ಲ ಆ್ಯಪ್‌ಗಳೂ ಒಪ್ಪುವ ಸಂಸ್ಥೆಯಿಂದ ಮೇಲ್‌ಗೆಂದೇ ಬೇರೆ ಸರ್ಟಿಫಿಕೇಟ್ ಪಡೆಯಿರಿ.

ಪ್ರಶ್ನೆ: ರಿಟರ್ನ್ ಸಲ್ಲಿಸಲು ಮಾಡಿಸಿದ ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಇರುವ ಯುಎಸ್‌ಬಿ ಟೋಕನ್‌ನಿಂದಲೇ ಮೇಲ್‌ಗೆ ಸಹಿ ಹಾಕಬಹುದೇ? (ಹಾಸನ)

ಉತ್ತರ: ಸರ್ಟಿಫಿಕೇಟ್ ತೆರೆದು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ನಲ್ಲಿ ನೀವು ಮೇಲ್ ಕಳಿಸುವ ವಿಳಾಸವೇ ಇದೆಯೇ ನೋಡಿ. ವಿಳಾಸ ಬೇರೆಯಿದ್ದರೆ ಔಟ್‌ಲುಕ್ ಸಾಮಾನ್ಯವಾಗಿ ಸಹಿ ಹಾಕಲು ಬಿಡುವುದಿಲ್ಲ. ಟೋಕನ್‌ನ ಖಾಸಗಿ ಕೀಲಿ (ಸಹಿ ಹಾಕಲು ಬಳಸುವ ಗುಪ್ತ ಸಂಕೇತ) ಹೊರಗೆ ಬಾರದು, ಹಾಗಾಗಿ ಫೋನಿಗೆ ನಕಲು ಮಾಡಲಾಗದು. ಪಿನ್ ನೆನಪಿಲ್ಲವೆಂದು ಊಹಿಸಿ ಒತ್ತುತ್ತಾ ಹೋಗಬೇಡಿ, ಟೋಕನ್ ಲಾಕ್ ಆಗುತ್ತದೆ.