ಪ್ರ: ಎಂಎ ಆನ್‌ಲೈನ್ ಕೋರ್ಸಿನ ಕನ್ನಡ ಪಿಡಿಎಫ್ ನೋಟ್ಸ್ ಎನ್‌ವಿಡಿಎ (ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಓದ್ತಿಲ್ಲ. ಕೆಲವು ಫೈಲ್ "ಖಾಲಿ" ಅನ್ನುತ್ತೆ, ಕೆಲವನ್ನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಓದುತ್ತೆ, ಕ್ಲಾಸ್‌ಮೇಟ್ಸ್‌ಗೆ ಮಾತ್ರ ಎಲ್ಲಾ ಸರಿಯಾಗೇ ಕಾಣುತ್ತೆ

ತೊಂದ್ರೆ ನಿಮ್ಮ ಎನ್‌ವಿಡಿಎದಲ್ಲಿ ಇರೋ ಹಾಗಿಲ್ಲ, ಫೈಲಲ್ಲೇ ಇದೆ, ಅದೂ ಎರಡು ಥರ. "ಖಾಲಿ" ಅನ್ನೋ ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಫೋಟೋ, ಒಳಗೆ ಅಕ್ಷರವೇ ಇರಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದೋವು ಬಹುಶಃ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕೋಡ್, ಕಣ್ಣಿಗೆ ಕನ್ನಡ ಕಾಣುತ್ತೆ ಅಷ್ಟೇ, ಅದಕ್ಕೇ ಕ್ಲಾಸ್‌ಮೇಟ್ಸ್‌ಗೆ ಏನೂ ಗೊತ್ತಾಗಿಲ್ಲ.

ಮೊದ್ಲು ಎನ್‌ವಿಡಿಎ+ಕಂಟ್ರೋಲ್+ಎಸ್ ಒತ್ತಿ ಈಸ್ಪೀಕ್ ಎನ್‌ಜಿ (ಎನ್‌ವಿಡಿಎ ಜೊತೆಗೇ ಬರೋ, ಓದಿ ಹೇಳೋ ಧ್ವನಿ) ಇಟ್ಕೊಳಿ, ವಾಯ್ಸ್ ಕನ್ನಡಕ್ಕೆ ಬದಲಾಯಿಸಿ. ಆಮೇಲೆ ಸ್ಕ್ಯಾನ್ ಫೈಲನ್ನ ಗೂಗಲ್ ಡ್ರೈವ್‌ಗೆ ಹಾಕಿ "ಓಪನ್ ವಿತ್" ಅಲ್ಲಿ ಗೂಗಲ್ ಡಾಕ್ಸ್ ಆರಿಸಿ, ಕನ್ನಡ ಓಸಿಆರ್ (ಫೋಟೋದಲ್ಲಿರೋ ಬರಹವನ್ನ ಟೈಪ್ ಮಾಡಿದ ಅಕ್ಷರ ಮಾಡೋದು) ಆಗುತ್ತೆ, ಫೈಲ್ 2 ಎಂಬಿ ಒಳಗಿದ್ರೆ ಒಳ್ಳೇದು, ದೊಡ್ಡದಿದ್ರೆ ಅಧ್ಯಾಯವಾರು ತುಂಡು ಮಾಡಿ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತೆ, ಟೇಬಲ್ ಇದ್ರಂತೂ ಗ್ಯಾರಂಟಿ ಇಲ್ಲ.

ನುಡಿ ಪಿಡಿಎಫ್‌ನಿಂದ ಕಾಪಿ ಮಾಡ್ಬೇಡಿ, ಅಕ್ಷರ ಉದುರಿಹೋಗುತ್ತೆ. ಮೇಷ್ಟ್ರ ಹತ್ರ ವರ್ಡ್ ಫೈಲೇ ಇಸ್ಕೊಂಡು ಆಸ್ಕಿ ಟು ಯೂನಿಕೋಡ್ ಕನ್ವರ್ಟರ್‌ಗೆ (ಹಳೇ ಫಾಂಟಿನ ಅಕ್ಷರವನ್ನ ಎನ್‌ವಿಡಿಎ ಓದಬಲ್ಲ ಯೂನಿಕೋಡ್ ಕನ್ನಡಕ್ಕೆ ಬದಲಾಯಿಸೋ ಟೂಲ್) ಹಾಕಿ.

ಕೊಡಲ್ಲ ಅಂದ್ರೆ ವಿಭಾಗದ ಮುಖ್ಯಸ್ಥರಿಗೆ ಈಮೇಲ್ ಬರೀರಿ (ಫೋನಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ), "ಯೂನಿಕೋಡ್ ವರ್ಡ್ ಫೈಲ್ ಬೇಕು" ಅಂತ ನೇರವಾಗಿ ಕೇಳಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ (ಮಾಹಿತಿ ವಿಕಲಚೇತನರೂ ಬಳಸೋ ರೂಪದಲ್ಲಿ ಸಿಗಬೇಕು ಅನ್ನೋದು) ಹೆಸರೂ ಹಾಕಿ.