ನೋವಿನ ಮಾತ್ರೆ ನುಂಗಿ ವಾಕಿಂಗ್ ಹೊರಡಬೇಡಿ

ತೂಕ ಇಳಿಸುವ ಆಪರೇಷನ್ ಆದವರು ಕಳಿಸುವ ಪತ್ರಗಳಲ್ಲಿ ಮಂಡಿ ನೋವಿನದ್ದೇ ಜಾಸ್ತಿ. ಅದರಲ್ಲೂ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಮಂಡಿ ಸವೆತ ಅಂದರೇನು ಅಂತ ಮೊದಲಿಂದ ಹೇಳುವುದಿಲ್ಲ. ಆಪರೇಷನ್ ತನಕ ಹೋದವರಿಗೆ ಅದು ಗೊತ್ತೇ ಇರುತ್ತದೆ.

ಪ್ರಶ್ನೆ: ನನಗೆ 54 ವರ್ಷ, ರಾಜಾಜಿನಗರದಲ್ಲಿದ್ದೇನೆ. ಹೊಟ್ಟೆಯ ಬೈಪಾಸ್ ಆಗಿ ಐದು ತಿಂಗಳಾಯಿತು. 24 ಕೆಜಿ ಇಳಿದಿದ್ದೇನೆ. ಆದರೂ ಮೆಟ್ಟಿಲು ಇಳಿಯುವಾಗ ಮಂಡಿ ನೋವಿಗೆ ಜೀವ ಹೋಗುತ್ತದೆ. ದಿನಾ ಒಂದು ನೋವಿನ ಮಾತ್ರೆ ತಗೊಂಡು ಒಂದು ಗಂಟೆ ನಡೆಯುತ್ತೇನೆ. ನಡೆದರೆ ಇನ್ನೂ ಸವೆಯುತ್ತದೆ ಅಂತಾರೆ ಅಕ್ಕಪಕ್ಕದವರು. ನಿಲ್ಲಿಸಲಾ?

ನಡಿಗೆ ನಿಲ್ಲಿಸಬೇಡಿ. ಮಾತ್ರೆ ನಿಲ್ಲಿಸಿ, ಇವತ್ತೇ.

ನೋಡಿಮ್ಮ, ನೀವು ಮಾತ್ರೆಯ ಹೆಸರೇ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೋಕ್ಸೆನ್, ಇವೆಲ್ಲ ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ಬೈಪಾಸ್‌ನಲ್ಲಿ ಚಿಕ್ಕದು ಮಾಡಿದ ಹೊಟ್ಟೆಗೆ ಕರುಳನ್ನು ಜೋಡಿಸಿರುತ್ತಾರೆ. ಆ ಜೋಡಣೆಯ ಹತ್ತಿರ ಹುಣ್ಣಾಗುತ್ತದೆ. ರಕ್ತ ಸೋರಬಹುದು, ತೂತೂ ಬೀಳಬಹುದು. ‘ಊಟ ಆದಮೇಲೆ ತಗೋತೀನಿ, ಜೊತೆಗೆ ಗ್ಯಾಸ್ ಮಾತ್ರೆ ಹಾಕ್ತೀನಿ’ ಅನ್ನುವ ಸಮಾಧಾನ ಬೇಡ. ಈ ಔಷಧಿ ರಕ್ತದ ಮೂಲಕವೂ ಹೊಟ್ಟೆಗೆ ತೊಂದರೆ ಕೊಡುತ್ತದೆ, ಇಂಜೆಕ್ಷನ್ ತಗೊಂಡರೂ ಅಷ್ಟೇ. ಮಲ ಡಾಂಬರಿನಂತೆ ಕಪ್ಪಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸ್ಲೀವ್, ಅಂದರೆ ಕರುಳನ್ನು ಮುಟ್ಟದೆ ಹೊಟ್ಟೆಯನ್ನಷ್ಟೇ ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್, ಆದವರಿಗೆ ಅಪಾಯ ಸ್ವಲ್ಪ ಕಡಿಮೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ಸರ್ಜನ್, ಮೆಡಿಕಲ್ ಶಾಪಿನವರಲ್ಲ.

ಇನ್ನೊಂದು ಮೋಸ ಇದೆ. ಡೋಲೋ 650 ಬರೀ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಇದೆ. ಸ್ಟ್ರಿಪ್ಪಿನ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ. ಬರೀ ಪ್ಯಾರಾಸಿಟಮಾಲ್ ಆದರೆ ನಡೆಯುತ್ತದೆ. 650ರದ್ದು ದಿನಕ್ಕೆ ನಾಲ್ಕು ದಾಟಬಾರದು, ಲಿವರ್ ತೊಂದರೆ ಇದ್ದರೆ ಅದೂ ಕೇಳದೆ ಬೇಡ. ಮಂಡಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ತುಂಬ ಕಡಿಮೆ. ಸರ್ಜನ್ ಒಪ್ಪಿದರೆ ಹಚ್ಚಿ. ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ನೀವಾಗಿಯೇ ಬಿಡಬೇಡಿ, ಕೇಳಿ. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ‘ಹೊಟ್ಟೆಯ ಬೈಪಾಸ್’ ಅಂತ ಬಿಡಿಸಿ ಹೇಳಿ. ಬರೀ ಬೈಪಾಸ್ ಅಂದರೆ ಹೃದಯದ್ದು ಅಂದುಕೊಳ್ಳಬಹುದು.

ಈಗ ಮಂಡಿಗೆ ಬರೋಣ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಕಡಿಮೆಯಾಗುತ್ತದೆ. ನಿಮ್ಮ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ ಒಂದು ಕ್ವಿಂಟಾಲ್. ಮತ್ತೆ ನೋವು ಯಾಕೆ? ಇಷ್ಟು ಬೇಗ ತೂಕ ಇಳಿದಾಗ ಕೊಬ್ಬಿನ ಜೊತೆ ತೊಡೆಯ ಸ್ನಾಯುವೂ ಕರಗುತ್ತದೆ. ಮೆಟ್ಟಿಲು ಇಳಿಯುವಾಗ ಮಂಡಿಯನ್ನು ಹಿಡಿದು ನಿಲ್ಲಿಸುವುದು ಅದೇ ಸ್ನಾಯು. ಬರೀ ನಡಿಗೆಯಿಂದ ಅದು ವಾಪಸ್ ಬರುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಜನ ಹೆಜ್ಜೆ ಎಣಿಸುತ್ತಲೇ ಇರುತ್ತಾರೆ!

ಒಂದು ಗಂಟೆಯ ನಡಿಗೆಯನ್ನು ಹದಿನೈದು ನಿಮಿಷದ ಎರಡು ಭಾಗ ಮಾಡಿ. ಕಬ್ಬನ್ ಪಾರ್ಕಿನ ಸಮತಟ್ಟು ರಸ್ತೆ ಆಗಬಹುದು. ಲಾಲ್‌ಬಾಗಿನ ಬಂಡೆ ಹತ್ತುವುದು ಸದ್ಯಕ್ಕೆ ಬೇಡ, ಏರುಪೇರಿನ ಫುಟ್‌ಪಾತೂ ಬೇಡ. ಉಳಿದ ಸಮಯ ತೊಡೆಗೆ ಕೊಡಿ. ಮಲಗಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತುತ್ತಾ ತೊಡೆ ಬಿಗಿ ಮಾಡಿ ಐದು ಸೆಕೆಂಡ್ ಹಿಡಿಯಿರಿ, ಹತ್ತು ಸಲ. ಆಮೇಲೆ ಕಾಲು ನೆಟ್ಟಗಿಟ್ಟು ಒಂದಡಿ ಎತ್ತಿ ನಿಧಾನ ಇಳಿಸಿ. ಇವು ಸುಲಭವಾದ ಮೇಲೆ ಕುರ್ಚಿಯಿಂದ ಎದ್ದು ಕೂರುವುದು. ಮೊದಮೊದಲು ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮನೆಯಲ್ಲಿ ವ್ಯಾಯಾಮದ ಸೈಕಲ್ ಇದ್ದರೆ ಸೀಟು ಎತ್ತರಿಸಿ ತುಳಿಯಿರಿ. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮಾರನೇ ದಿನಕ್ಕೆ ಮೊದಲಿನಷ್ಟಕ್ಕೆ ಇಳಿದರೆ ಸರಿ. ಇಳಿಯದಿದ್ದರೆ, ಮಂಡಿ ಊದಿದರೆ, ಮಾಡಿದ್ದು ಜಾಸ್ತಿ ಆಯಿತು ಅಂತ. ಕಡಿಮೆ ಮಾಡಿ, ಬಿಡಬೇಡಿ. ಮಾತ್ರೆ ನುಂಗಿ ನಡೆದರೆ ಈ ಎಚ್ಚರಿಕೆಯೂ ಗೊತ್ತಾಗುವುದಿಲ್ಲ. ತಲೆ ಸುತ್ತು ಬಂದರೆ ಬಿಪಿ, ಶುಗರ್ ಮಾತ್ರೆಯ ಡೋಸ್ ಕಡಿಮೆ ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ. ತೂಕ ಇಳಿದಂತೆ ಅವೂ ಇಳಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಊಟಕ್ಕೆ ತಿಳಿ ಸಾರು, ರಾಗಿ ಗಂಜಿ ಕುಡಿದರೆ ಸ್ನಾಯು ಎಲ್ಲಿಂದ ಬರಬೇಕು? ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ತಟ್ಟೆಯಲ್ಲಿ ಮೊಟ್ಟೆ, ಪನೀರ್, ಗಟ್ಟಿ ಬೇಳೆ, ಮೀನು ಮೊದಲು ಖಾಲಿಯಾಗಲಿ, ಅನ್ನ ಕೊನೆಗೆ. ಸಾಲದಿದ್ದರೆ ಪ್ರೋಟೀನ್ ಪುಡಿ ಯಾವುದು ಅಂತ ಡಯಟೀಷಿಯನ್ ಹತ್ತಿರ ಕೇಳಿ.

ಪ್ರಶ್ನೆ: ಆಪರೇಷನ್ ಆಗಿ ಮೂರು ವಾರ. ಜಿಮ್ ಟ್ರೈನರ್ ಭಾರ ಹಿಡಿದು ಸ್ಕ್ವಾಟ್ ಮಾಡಿ ಅಂತಿದ್ದಾರೆ.

ಬೇಡ. ಸರ್ಜನ್ ಒಪ್ಪಿಗೆ ಕೊಡುವ ತನಕ ಭಾರ ಮುಟ್ಟಬೇಡಿ.

ಪ್ರಶ್ನೆ: ಮಂಡಿ ಕಟಕಟ ಅನ್ನುತ್ತೆ.

ನೋವು, ಊತ ಇಲ್ಲದಿದ್ದರೆ ಅನ್ನಲಿ ಬಿಡಿ.

ಪ್ರಶ್ನೆ: ಊರಿನ ಪಂಡಿತರು ಕೊಟ್ಟ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯ. ಮುಂದುವರಿಸಬಹುದಾ?

ಹೆಸರು, ಲೇಬಲ್ ಇಲ್ಲದ ಪುಡಿ ಎರಡು ದಿನದಲ್ಲಿ ಸವೆದ ಮಂಡಿಯ ನೋವು ಮಾಯ ಮಾಡಿದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್‌ದು. ಅದು ಶುಗರ್ ಏರಿಸುತ್ತದೆ, ಮೂಳೆ ಪೊಳ್ಳು ಮಾಡುತ್ತದೆ. ಆಪರೇಷನ್ ಆದವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲೇ ಸರಿಯಾಗಿ ಹಿಡಿಯುವುದಿಲ್ಲ. ಇಂಥ ಪುಡಿ ಕೊಡುವವರ ಮೇಲೆ ನನಗೆ ತುಂಬ ಕೋಪವಿದೆ. ಬಹಳ ದಿನ ತಿಂದಿದ್ದರೆ ದಿಢೀರಂತ ಬಿಡುವುದೂ ಅಪಾಯ. ಪೊಟ್ಟಣ ತಗೊಂಡು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಆಪರೇಷನ್ ಆಗಿ ಹದಿನೆಂಟು ದಿನ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದೆ. ಯಾವ ವ್ಯಾಯಾಮ ಮಾಡಲಿ?

ಯಾವುದೂ ಬೇಡ, ತಿಕ್ಕಲೂಬೇಡಿ. ಇದು ಮಂಡಿಯ ವಿಷಯವಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ಈ ಪತ್ರ ಬರೆದವರಿಗೆ ಅವತ್ತೇ ಫೋನ್ ಮಾಡಿ ಹೇಳಿದ್ದೇನೆ. ನಿಮಗೂ ಹೀಗಾದರೆ ಪತ್ರ ಬರೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.