ಜ್ಯೂರಿಕ್‌ನ ಸಹಕಾರಿ ಮನೆಗಳು: ಹೊಸದಾಗಿ ಬರುವವರಿಗೊಂದು ಉತ್ತರ

ಕೆಲಸ ಸಿಕ್ಕು ಜ್ಯೂರಿಕ್‌ಗೆ ಹೊರಟಿರುವ ನೀವು, ಇಲ್ಲಿಯ ಬಾಡಿಗೆ ನೋಡಿ ಗಾಬರಿಗೊಂಡು, ಸಹಕಾರಿ ಸಂಘಗಳ ಮನೆಗಳು ಅಗ್ಗವೆಂಬುದು ನಿಜವೇ, ಹೊರದೇಶದವರಿಗೆ ಅವು ಸಿಗುತ್ತವೆಯೇ, ಅಲ್ಲಿಯ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಅಗ್ಗವೆಂಬುದು ನಿಜ, ನಮಗೂ ಸಿಕ್ಕಿತು, ಹದಿನಾಲ್ಕು ವರ್ಷಗಳಿಂದ ಅಂಥ ಮನೆಯಲ್ಲೇ ಇದ್ದೇವೆ. ಆದರೆ ಬಂದ ತಿಂಗಳಲ್ಲೇ ಸಿಕ್ಕೀತೆಂದು ನಂಬಿಕೊಂಡು ಬರಬೇಡಿ. ಮೊದಲು ಸಾಮಾನ್ಯ ಬಾಡಿಗೆ ಮನೆಯನ್ನೇ ಹಿಡಿಯಬೇಕಾಗುತ್ತದೆ; ಅದಕ್ಕೆ ಕೇಳುವ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲವೆಂಬುದು ಇಲ್ಲಿಯ ಕಾನೂನು.

ನಮ್ಮಲ್ಲಿ ಗೃಹ ನಿರ್ಮಾಣ ಸಹಕಾರ ಸಂಘವೆಂದರೆ ನಿವೇಶನ ಹಂಚುವ ಸಂಸ್ಥೆ. ನಿವೇಶನ ಕೈಗೆ ಬಂದ ಮೇಲೆ ಅದು ನಮ್ಮ ಆಸ್ತಿ. ಇಲ್ಲಿ ಮನೆ ಎಂದೆಂದಿಗೂ ಸಂಘದ್ದೇ. ಅದನ್ನು ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆಯುವಂತಿಲ್ಲ. ನಾವು ಷೇರು ಹಣ ಕಟ್ಟಿ ಸದಸ್ಯರಾಗುತ್ತೇವೆ, ಬಿಟ್ಟು ಹೋಗುವಾಗ ಆ ಹಣ ಮರಳಿ ಬರುತ್ತದೆ. ಷೇರು ಎಷ್ಟೇ ಇರಲಿ, ಸಭೆಯಲ್ಲಿ ಒಬ್ಬರಿಗೆ ಒಂದೇ ಮತ. ಬಾಡಿಗೆಯನ್ನು ಪೇಟೆಯ ದರ ನೋಡಿ ಇಡದೆ, ಸಾಲದ ಬಡ್ಡಿ, ದುರಸ್ತಿ, ಆಡಳಿತ, ಮುಂದಿನ ನವೀಕರಣಕ್ಕೆ ಎತ್ತಿಡುವ ಹಣ ಇಷ್ಟನ್ನೇ ಲೆಕ್ಕ ಹಾಕಿ ಗೊತ್ತುಮಾಡುತ್ತಾರೆ. ಇದಕ್ಕೆ 'ಕೋಸ್ಟೆನ್‌ಮೀಟೆ', ಅಂದರೆ ವೆಚ್ಚದಷ್ಟೇ ಬಾಡಿಗೆ, ಎಂದು ಹೆಸರು. ನಡುವೆ ಲಾಭ ಎತ್ತುವವರಿಲ್ಲದ ಕಾರಣ, ವರ್ಷ ಕಳೆದಂತೆ ಪೇಟೆಯ ಬಾಡಿಗೆಗೂ ನಮ್ಮದಕ್ಕೂ ಅಂತರ ಹೆಚ್ಚುತ್ತಲೇ ಹೋಗುತ್ತದೆ. 2050ರ ಹೊತ್ತಿಗೆ ನಗರದ ಬಾಡಿಗೆ ಮನೆಗಳಲ್ಲಿ ಮೂರನೆಯ ಒಂದು ಭಾಗ ಇಂಥ ಲಾಭರಹಿತ ಮನೆಗಳಾಗಬೇಕೆಂದು ಇಲ್ಲಿಯ ಮತದಾರರು 2011ರಲ್ಲೇ ತೀರ್ಮಾನಿಸಿದ್ದಾರೆ.

ಹೊಸ ಬಗೆಯ ಸಂಘಗಳನ್ನೂ ಒಮ್ಮೆ ಹೋಗಿ ನೋಡಿ. ಟ್ರಾಮ್‌ಗಳನ್ನು ನಿಲ್ಲಿಸಿಡುವ ಡಿಪೋದ ಮೇಲೆ 2014ರಲ್ಲಿ ಎದ್ದ ಕಾಲ್ಕ್‌ಬ್ರೈಟೆ ಎಂಬ ವಸತಿ ಕಟ್ಟಡದಲ್ಲಿ ವಾಸಿಸುವವರು ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ. ಅಲ್ಲಿಯ 'ಕ್ಲಸ್ಟರ್' ಮನೆಗಳಲ್ಲಿ ಪ್ರತಿಯೊಬ್ಬರಿಗೂ ಸಣ್ಣ ಖಾಸಗಿ ಭಾಗವಿದ್ದು, ದೊಡ್ಡ ಅಡುಗೆಮನೆ ಮತ್ತು ಹಜಾರ ಎಲ್ಲರಿಗೂ ಸೇರಿದ್ದು. ಹಳೆಯ ಕಾಂಕ್ರೀಟ್ ಕಾರ್ಖಾನೆಯ ಜಾಗದಲ್ಲಿ 2015ರಲ್ಲಿ ತುಂಬಿಕೊಂಡ ಹುನ್‌ಟ್ಸಿಕರ್ ಬಡಾವಣೆಯ 13 ಕಟ್ಟಡಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಒಂಟಿಯಾಗಿ ಬರುವವರಿಗೆ ಕ್ಲಸ್ಟರ್ ಮನೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಬದುಕಿನ ಮಾತು. ನಾವು ಬಂದ ಮೊದಲ ವಾರವೇ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಿಂದ ವೃದ್ಧೆಯೊಬ್ಬರು ನಮ್ಮ ಬಾಗಿಲಿಗೆ ಬಂದರು. ಒಣಗಿಸುವ ಯಂತ್ರದ ಜಾಲರಿಯಲ್ಲಿ ನಾವು ಬಿಟ್ಟುಹೋಗಿದ್ದ ಬೂದುಬಣ್ಣದ ನೂಲಿನ ಹಿಂಜು ಅವರ ಅಂಗೈಯಲ್ಲಿತ್ತು. ಅದನ್ನು ತೋರಿಸಿ, ನನ್ನನ್ನು ಕೆಳಗೆ ಕರೆದೊಯ್ದು, ಜಾಲರಿ ಕಳಚುವುದನ್ನೂ ಒರೆಸುವುದನ್ನೂ ಮಾಡಿ ತೋರಿಸಿದರು. ನನಗೆ ಮುಖ ಕೆಂಪಾಯಿತು. ಅವರ ಪರಿಚಯ ಬೆಳೆದ ಮೇಲೆ ತಿಳಿಯಿತು: ನಮಗೆ ಸಿಕ್ಕಿದ್ದ ನಾಲ್ಕು ಕೋಣೆಯ ಮನೆ ಮೊದಲು ಅವರದೇ. ಮನೆಯಲ್ಲಿರುವ ಜನರ ಸಂಖ್ಯೆಗಿಂತ ಹೆಚ್ಚೆಂದರೆ ಒಂದೇ ಕೋಣೆ ಜಾಸ್ತಿ ಇರಬಹುದೆಂಬುದು ನಮ್ಮ ಸಂಘದ ನಿಯಮವಾದ್ದರಿಂದ, ಮನೆಯಲ್ಲಿ ಒಬ್ಬರೇ ಉಳಿದ ಮೇಲೆ ಅವರು ಅದೇ ಕಟ್ಟಡದ ಎರಡು ಕೋಣೆಯ ಮನೆಗೆ ಇಳಿದಿದ್ದರು.

ಮೂರು ವರ್ಷದ ಹಿಂದೆ, ಮಗಳು ಓದಲು ಬೇರೆ ಊರಿಗೆ ಹೋದಾಗ, ಸಣ್ಣ ಮನೆಗೆ ಹೋಗಬೇಕೆಂಬ ಸಂಘದ ಪತ್ರ ನಮಗೂ ಬಂತು. ಅವಳ ಕೋಣೆ ಖಾಲಿ ಮಾಡುವಾಗ ನನ್ನ ಹೆಂಡತಿ ಅತ್ತಳು. ಪಕ್ಕದ ಕಟ್ಟಡದಲ್ಲಿ ಮೂರು ಕೋಣೆಯ ಮನೆ ಕೊಟ್ಟರು, ಬಾಡಿಗೆಯೂ ಇಳಿಯಿತು. ಆದರೂ ಆ ಸಂಕಟ ಸಣ್ಣದಾಗಿರಲಿಲ್ಲವೆಂದು ನಿಮಗೆ ಮೊದಲೇ ಹೇಳಬೇಕು. ಈ ನಿಯಮವನ್ನು ಒಪ್ಪಲಾಗದವರು ಸಂಘ ಸೇರದಿರುವುದೇ ಮೇಲು. ನಾನು ಮಾತ್ರ ಒಪ್ಪಿದ್ದೇನೆ, ಏಕೆಂದರೆ ಆ ವೃದ್ಧೆ ಇಳಿಯದಿದ್ದರೆ ನಾವು ಒಳಗೆ ಬರುತ್ತಲೇ ಇರಲಿಲ್ಲ.

ನೀವು ಬಂದೊಡನೆ ನಾಲ್ಕಾರು ಸಂಘಗಳಲ್ಲಿ ವಿಚಾರಿಸಿ. ಕೆಲವು ಕಾಯುವವರ ಪಟ್ಟಿಯನ್ನೇ ಮುಚ್ಚಿರುತ್ತವೆ, ಕೆಲವು ಮನೆ ಖಾಲಿಯಾದಾಗ ಕೆಲವೇ ದಿನ ಅರ್ಜಿ ಕರೆಯುತ್ತವೆ. ನಿಮ್ಮ ಮೇಲೆ ಸಾಲ ವಸೂಲಿಯ ಕ್ರಮ ನಡೆದಿಲ್ಲವೆಂದು ಸರಕಾರಿ ವಸೂಲಿ ಕಚೇರಿ ಕೊಡುವ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಿ. ಅರ್ಜಿಯೊಡನೆ ಇಡುವ ಪತ್ರವನ್ನು ಜರ್ಮನ್‌ನಲ್ಲೇ ಬರೆದು, ತೋಟವೋ ಮಕ್ಕಳ ಆಟದ ಕೋಣೆಯೋ ಲೆಕ್ಕಪತ್ರವೋ, ಯಾವುದಕ್ಕೆ ನಿಜವಾಗಿ ಕೈ ಹಚ್ಚಬಲ್ಲಿರೋ ಅದನ್ನು ಸ್ಪಷ್ಟವಾಗಿ ತಿಳಿಸಿ. ಬರೆದ ಮೇಲೆ ನನಗೆ ಕಳುಹಿಸಿದರೆ ಒಮ್ಮೆ ತಿದ್ದಿಕೊಡುತ್ತೇನೆ.